ಬೈಂದೂರಿನವರೆಗೆ ಹೋದ ಅಕ್ಕ

ಅಕ್ಕ ಬಸ್ಸಿನಲ್ಲಿ ನಿದ್ದೆ ಹೋಗಿದ್ದಳು, ತ್ರಾಸಿಯಲ್ಲಿ ಇಳಿಯುವ ಬದಲು ಬೈಂದೂರಿಗೆ ಹೋಗಿ ಎಚ್ಚರಾಯಿತು ಎಂದೇ ನಮ್ಮ ಮನೆಯಲ್ಲಿ ಹೇಳುತ್ತಾರೆ. ನೆಂಟರ ಮುಂದೆ ಅದೊಂದು ತಮಾಷೆಯ ಕತೆ. ‘ಬೀಜದ ಫ್ಯಾಕ್ಟ್ರಿ ಕೆಲ್ಸ ಅಂದ್ರೆ ಸುಮ್ನೆಯಾ? ಕಣ್ಣ್ ಎಳಿತ್ತ್’ ಎಂದು ಅಮ್ಮ ಮುಗಿಸುತ್ತಾಳೆ. ಎಲ್ಲರೂ ನಗುತ್ತಾರೆ.

ಈ ಕತೆಯಲ್ಲಿ ಒಂದು ತೂತಿದೆ. ಕುಂದಾಪುರದಿಂದ ಸಂಜೆ ಹೊರಡುವ ಆ ಬಸ್ಸಿನಲ್ಲಿ ಕಾಲೇಜು ಮಕ್ಕಳು, ಕಾರ್ಖಾನೆಯ ಹೆಂಗಸರು ಎಲ್ಲ ತುಂಬಿ, ತ್ರಾಸಿಯಿಂದಾಚೆ ಮರವಂತೆ ದಾಟುವವರೆಗೆ ಸೀಟು ಸಿಗುವುದಿಲ್ಲ. ಅಕ್ಕ ನಿಂತಿದ್ದಳು. ಕಂಬಿ ಹಿಡಿದು ನಿಂತವಳು ಅರ್ಧ ಗಂಟೆಯ ದಾರಿಯಲ್ಲಿ ನಿದ್ದೆ ಹೋಗಿ, ತನ್ನೂರು ಬಂದದ್ದೂ ಗೊತ್ತಾಗದೆ ನಾವುಂದ, ಉಪ್ಪುಂದ ದಾಟುತ್ತಾಳೆಯೆ? ಚರ್ಚಾಸ್ಪರ್ಧೆಗಳಲ್ಲಿ ಇಂಥ ತೂತು ಹುಡುಕಿಯೇ ನಾನು ಬಹುಮಾನ ತಂದದ್ದು. ಆದರೆ ಇದನ್ನು ನಾನು ಹುಡುಕಲಿಲ್ಲ, ಅಕ್ಕನೇ ಹೇಳಿದ್ದು.

ಅಕ್ಕನಿಗೆ ಎರಡೂವರೆ ವರ್ಷದ ಮಗಳು. ಬಾವ ಆಳಸಮುದ್ರದ ಬೋಟಿನಲ್ಲಿ ದುಡಿಯುವವರು. ಹೋದರೆ ಹತ್ತು ದಿನ ಬರುವುದಿಲ್ಲ. ಮದುವೆಯಾದ ಹೆಣ್ಣು ತಾಯಿಯ ಮನೆಯಲ್ಲೇ ಇರುವುದು ನಮ್ಮಲ್ಲಿ ವಿಶೇಷವೇನಲ್ಲ, ಹಾಗಾಗಿ ಅಕ್ಕ ತ್ರಾಸಿಯಲ್ಲಿ ನಮ್ಮ ಜೊತೆಗೇ ಇದ್ದಳು. ಕಂಡವರೆಲ್ಲ ‘ನಿಂಗೆಂತ ಮಾರಾಯ್ತಿ, ಮಗು ಕಾಂಬುಕೆ ಅಮ್ಮ ಇದ್ರ್, ತಂಗಿ ಇತ್ತ್’ ಎನ್ನುತ್ತಿದ್ದರು. ಅವಳೂ ತಲೆಯಾಡಿಸುತ್ತಿದ್ದಳು.

ಬೋಟಿಗೆ ಹೊರಟವನನ್ನು ನಮ್ಮ ಮನೆಯಲ್ಲಿ ಹಿಂದಿನಿಂದ ಕರೆಯುವುದಿಲ್ಲ. ಮಗು ಅಳುತ್ತಾ ಬೆನ್ನಿಗೆ ಬೀಳುವುದಂತೂ ಕೂಡದೇ ಕೂಡದು. ನಾವು ಚಿಕ್ಕವರಿದ್ದಾಗ, ಬೋಟಿಗೆ ಹೋಗುತ್ತಿದ್ದ ಅಪ್ಪಯ್ಯ ಹೊರಡುವ ಹೊತ್ತಿಗೆ ಯಾರಾದರೂ ನಮ್ಮನ್ನು ಹಿತ್ತಲಿಗೆ ಎತ್ತಿಕೊಂಡು ಹೋಗುತ್ತಿದ್ದರು. ತಿರುಗಿ ಬಂದರೆ ಅವರ ಚಪ್ಪಲಿ ಇರುತ್ತಿರಲಿಲ್ಲ. ಬಾವನಿಗೂ ಅದೇ ಕ್ರಮ. ಹೆರಿಗೆಯಾದ ಮೇಲೆ ಅಕ್ಕ ಮತ್ತೆ ಗೇರುಬೀಜದ ಕಾರ್ಖಾನೆಗೆ ಹೋಗತೊಡಗಿದಾಗ, ಸಮುದ್ರಕ್ಕೆ ಹೋಗುವವನಿಗಿದ್ದ ಈ ಕ್ರಮವನ್ನು ಬಸ್ಸಿಗೆ ಹೋಗುವವಳಿಗೂ ಹಚ್ಚಿದೆವು. ಯಾರೂ ಕೂತು ತೀರ್ಮಾನಿಸಿದ್ದಲ್ಲ, ಹಾಗೇ ಆಗಿಹೋಯಿತು.

ಮಾಡಿದವಳು ನಾನು. ಬ್ರಹ್ಮಾವರದ ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಹೊರಡಲು ಎಂಟೂವರೆಯವರೆಗೆ ಸಮಯವಿತ್ತು, ಅಕ್ಕನ ಬಸ್ಸು ಏಳೂಮುಕ್ಕಾಲಿಗೆ. ‘ಬಾ ಮಗಾ, ಚಿಕ್ಕಿ ಕೋಳಿಮರಿ ತೋರ್ಸ್ತೆ’ ಎಂದು ಮಗುವನ್ನು ಹಿತ್ತಲಿಗೆ ಒಯ್ಯುತ್ತಿದ್ದೆ. ಅಷ್ಟರಲ್ಲಿ ಅಕ್ಕ ಬ್ಯಾಗನ್ನು ಶಾಲಿನಡಿ ಅಡಗಿಸಿಕೊಂಡು ಎದುರು ಬಾಗಿಲಿನಿಂದ ಜಾರಿಕೊಳ್ಳುತ್ತಿದ್ದಳು, ತನ್ನದೇ ಮನೆಯಿಂದ ಕಳ್ಳಿಯ ಹಾಗೆ. ಶಾಸ್ತ್ರ, ಶಕುನ ಎಂದರೆ ಜಗಳಕ್ಕೇ ನಿಲ್ಲುವ ನಾನು ಇದೊಂದನ್ನು ಪ್ರಶ್ನಿಸಲಿಲ್ಲ. ಅಳು ಕೇಳುವುದು ತಪ್ಪುತ್ತಿತ್ತಲ್ಲ. ನನಗೆ.

ಎರಡು ತಿಂಗಳಲ್ಲಿ ಮಗುವಿಗೆ ಕೋಳಿಮರಿ ಎಂದರೆ ಆಗದಂತಾಯಿತು. ನಾನು ‘ಬಾ’ ಎಂದರೆ ಸಾಕು, ಓಡಿ ಹೋಗಿ ತಾಯಿಯ ಕಾಲು ತಬ್ಬಿಕೊಳ್ಳುತ್ತಿತ್ತು. ಭಾನುವಾರ ಅಕ್ಕ ಮೀಯಲು ಹೋದರೆ ಬಚ್ಚಲಿನ ಬಾಗಿಲಿಗೆ ಕಿವಿ ಕೊಟ್ಟು ಕೂತು, ನೀರಿನ ಸದ್ದು ನಿಂತ ಕೂಡಲೇ ಗುದ್ದುತ್ತಿತ್ತು. ಸಂಜೆ ಅಕ್ಕ ಬಂದರೆ ಮೊದಲು ಅವಳ ಮುಖಕ್ಕೆ ಹೊಡೆದು, ಆಮೇಲೆ ಸೊಂಟದಿಂದ ಇಳಿಯುತ್ತಿರಲಿಲ್ಲ. ‘ಕೊಂಗಾಟ ಮಾಡಿ ಮಾಡಿ ಹಾಳ್ ಮಾಡಿದ್ರಿ’ ಎಂದಳು ಅಮ್ಮ, ನಮ್ಮ ಮುದ್ದೇ ಕಾರಣ ಎಂಬಂತೆ.

ಎಲ್ಲರೂ ಮಗುವನ್ನೇ ನೋಡುತ್ತಿದ್ದೆವು. ಅಕ್ಕನ ಕೆಲಸ ಸಿಪ್ಪೆ ತೆಗೆದ ಬೀಜಗಳಲ್ಲಿ ಇಡಿ ಬೀಜವನ್ನೂ ಹೋಳನ್ನೂ ಬೇರೆ ಮಾಡುವುದು. ವರ್ಷಗಟ್ಟಲೆ ಮಾಡಿ ಪಳಗಿದ ಕೈ. ಅಂಥವಳು ಹೋಳುಗಳನ್ನು ಇಡಿ ಬೀಜದ ಡಬ್ಬಿಗೆ ಹಾಕಿ ಬೈಸಿಕೊಂಡು ಬಂದಳು, ಒಂದಲ್ಲ, ಮೂರು ಸಲ. ಅಲ್ಲಿ ಫೋನನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು. ಮಗು ಉಂಡಿತೋ ಅಳುತ್ತಿದೆಯೋ ಎಂದು ಸಂಜೆಯವರೆಗೆ ಕೇಳುವಂತಿಲ್ಲ. ಮಧ್ಯಾಹ್ನದ ಬುತ್ತಿಯನ್ನು ತೆರೆಯದೇ ವಾಪಸು ತರುತ್ತಿದ್ದಳು. ‘ಎಂತ, ಡಯಟ್ಟಾ?’ ಎಂದು ನಾನು ತಮಾಷೆ ಮಾಡಿದ್ದೆ. ದುಡಿಯುವ ತಾಯಂದಿರ ಪರವಾಗಿ ವೇದಿಕೆಯ ಮೇಲೆ ಮಾತಾಡಿದ್ದವಳು ನಾನೇ.

ಆ ಸಂಜೆ ಅಮ್ಮ ಎಂದಿನಂತೆ ಮಗುವನ್ನು ಎತ್ತಿಕೊಂಡು ಹೆದ್ದಾರಿಯ ಬದಿಯಲ್ಲಿ ನಿಂತಿದ್ದಳು. ಬಸ್ಸು ನಿಂತಿತು, ಹೊರಟಿತು. ಅಕ್ಕ ಇಳಿಯಲಿಲ್ಲ. ಮುಂದಿನ ಬಸ್ಸಿಗೂ ಬರಲಿಲ್ಲ. ಫೋನ್ ಎತ್ತಲಿಲ್ಲ. ಕೊನೆಗೆ ಅವಳೇ ನನಗೆ ಮಾಡಿದಳು. ‘ಬೈಂದೂರ್ ಬಸ್‌ಸ್ಟ್ಯಾಂಡ್ ಹತ್ರ ಇದ್ದೆ. ನೀನ್ ಒಬ್ಳೇ ಬಾ.’

ಸ್ಕೂಟರಿನಲ್ಲಿ ಹೋದೆ. ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು.

‘ನಿದ್ದಿ ಬಂತಾ?’

‘ಇಲ್ಲೆ.’

‘ಮತ್ತೆಂತ ಆಯ್ತ್?’

‘ಬಸ್ ನಿಂತಿತ್ತ್. ಕಿಟಕಿಯಿಂದ ಕಂಡೆ. ಮಗು ಅಮ್ಮನ್ ಸೊಂಟದ್ ಮೇಲಿತ್ತ್, ನನ್ನೇ ಹುಡ್ಕ್ತಿತ್ತ್.’ ಬುತ್ತಿಯ ಚೀಲವನ್ನು ಬದಿಗಿಟ್ಟಳು. ‘ಇಳಿಯುಕೆ ಕಾಲೇ ಬರ್ಲಿಲ್ಲೆ ಕಾಣ್. ಬಸ್ ಹೊರ್ಟದ್ದೇ ಎದೆ ಹಗುರ ಆಯ್ತ್. ಈಗ ನಂಗೆ ಅದೇ ಹೆದ್ರಿಕೆ.’

ಅವಳನ್ನು ಎದುರಿನ ಹೋಟೆಲಿಗೆ ಕರೆದುಕೊಂಡು ಹೋದೆ. ಚಾ ಕುಡಿಸಿದೆ. ‘ಮನೆಲಿ ನಿದ್ದಿ ಬಂತ್ ಅಂತ ಹೇಳ್ತೆ’ ಎಂದಳು. ನಾನೂ ಒಪ್ಪಿದೆ.

ಮಾರನೆಯ ಬೆಳಿಗ್ಗೆ ಮಾತ್ರ ಮಗುವನ್ನು ಹಿತ್ತಲಿಗೆ ಒಯ್ಯಲು ನಾನು ಒಪ್ಪಲಿಲ್ಲ, ಹೇಳಿಯೇ ಹೋಗು ಎಂದೆ. ಅಕ್ಕ ಮಗುವಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ‘ಅಮ್ಮ ಕೆಲ್ಸಕ್ಕ್ ಹೋಯ್ ಸಂಜಿಗ್ ಬತ್ತೆ ಮಗಾ’ ಎಂದಳು. ಮಗು ಅಂಗಳದಲ್ಲಿ ಬಿದ್ದು ಹೊರಳಾಡಿತು, ಅವಳ ಬೆನ್ನ ಹಿಂದೆ ಗೇಟಿನವರೆಗೂ ಕೂಗಿತು. ಅಮ್ಮ ನನ್ನ ಮೇಲೆ ಹರಿಹಾಯ್ದಳು. ‘ಹೊರ್ಟರನ್ನ ಹಿಂದಿಂದ ಕರೆಸ್ತಿಯಲೆ, ಬುದ್ಧಿ ಇತ್ತಾ ನಿಂಗೆ? ಕಲ್ತದ್ದ್ ಜಾಸ್ತಿ ಆಯ್ತ್!’

‘ಅಕ್ಕ ಹೋಪ್ದ್ ಬೋಟಿಗಲ್ಲ ಅಮ್ಮ, ಬಸ್ಸಿಗೆ.’

ಮಾತಿನಲ್ಲಿ ನಾನು ಗೆದ್ದೆ. ಅಕ್ಕ ತಿರುಗಿ ಬಂದು ಮಗುವನ್ನು ಎತ್ತಿಕೊಂಡಳು, ಬಸ್ಸು ತಪ್ಪಿತು.

ವಾರ ಕಳೆಯುವಷ್ಟರಲ್ಲಿ ಮಗುವಿನ ಅಳು ತುಸು ಇಳಿಯಿತು. ಅಕ್ಕನ ಬುತ್ತಿ ಹಾಗೆಯೇ ವಾಪಸು ಬರುತ್ತಿತ್ತು. ಕುಂದಾಪುರದಲ್ಲಿ ಮನೋವೈದ್ಯರಿಗೆ ತೋರಿಸೋಣ ಎಂದೆ. ಅವಳು ತಕ್ಷಣ ಹ್ಞೂಂ ಎಂದದ್ದು ನೋಡಿ, ಎಷ್ಟು ದಿನದಿಂದ ಕಾಯುತ್ತಿದ್ದಳೋ ಅನಿಸಿತು. ಅಮ್ಮನಿಗೆ ಬೈಂದೂರಿನ ನಿಜವನ್ನು ಅವಳೇ ಹೇಳಿದಳು. ಅಮ್ಮ ಹಿತ್ತಲಲ್ಲಿ ಸಿಗಡಿ ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

‘ಮಂಡೆ ಡಾಕ್ಟ್ರ ಹತ್ರ ಹೋರೆ ಊರವ್ರ್ ಎಂತ ಅಂಬ್ರ್? ಕೆಲ್ಸ ಬಿಡ್ಲಿ, ಎಲ್ಲ ಸಮ ಆತ್ತ್.’

ಹತ್ತು ದಿನಕ್ಕೊಮ್ಮೆ ಬರುವ ಬಾವನಿಗೆ ಕೆಲಸ ಬಿಡು ಎಂದು ಈವರೆಗೆ ಯಾರೂ ಹೇಳಿಲ್ಲ. ಅದನ್ನು ನಾನು ಬಾಯಿಬಿಟ್ಟು ಹೇಳುವ ಮೊದಲೇ ಅಕ್ಕ ಹೇಳಿದಳು, ‘ಕೆಲ್ಸ ಬಿಡುದಿಲ್ಲೆ ಅಮ್ಮ. ಅಲ್ಲಿ ನಾಲ್ಕ್ ಜನ ಮಾತಾಡುಕಾರೂ ಇದ್ರ್. ಶನಿವಾರ ಬೆಳಿಗ್ಗೆ ಹೋಪ್ದ್, ತಂಗಿ ನನ್ ಒಟ್ಟಿಗೆ ಬತ್ತ್. ನೀನ್ ಮಗು ಒಂದ್ ಕಂಡ್ಕೊ, ಸಾಕ್.’ ಇಷ್ಟು ಹೇಳಿ ಒಳಗೆ ಹೋದಳು.

ಮಗುವನ್ನು ಅಮ್ಮ ನೋಡಿಕೊಳ್ಳದಿದ್ದರೆ ಶನಿವಾರವೇ ಇಲ್ಲ. ಅದು ಅಮ್ಮನಿಗೂ ಗೊತ್ತಿತ್ತು.

‘ಅಂಥಾ ಕೆಲ್ಸಕ್ಕೆ ನಾನ್ ಮಗು ಕಾಂಬುದಿಲ್ಲೆ’ ಎಂದಳು ನನ್ನ ಕಡೆ ತಿರುಗಿ. ‘ತಲಿ ಮೇಲ್ ಮೀನ್ ಬುಟ್ಟಿ ಹೊತ್ಕಂಡ್ ಮನೆ ಮನೆ ತಿರ್ಗಿ ನಿಮ್ಮಿಬ್ರನ್ನ ಸಾಕಿದ್ದೆ. ನಂಗೆ ಯಾವ್ ಡಾಕ್ಟ್ರ್ ಇದ್ದಿದ್ರ್?’

ಇದಕ್ಕೆ ಉತ್ತರವಿತ್ತು, ಒಂದಲ್ಲ ಮೂರು. ಅಷ್ಟರಲ್ಲಿ ಅಮ್ಮನ ಕೈ ಕಂಡಿತು. ಅರ್ಧ ಬಿಡಿಸಿದ ಸಿಗಡಿಯನ್ನು ಬೆರಳುಗಳ ನಡುವೆ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ನಾನು ಅವಳ ಪಕ್ಕ ನೆಲದ ಮೇಲೆ ಕೂತೆ.

‘ಅಮ್ಮಾ, ಮೀನ್ ಎಲ್ಲ ಖಾಲಿ ಆದ್ರೂ ಮನಿಗೆ ತಿರ್ಗಿ ಬಪ್ಪುಕೆ ಕಾಲೇ ಬಾರದ್ ದಿನ ನಿಂಗೂ ಇತ್ತಾ?’