ಆಸಕ್ತಿಯಿಲ್ಲ ಎಂದು ಬರೆದ ಸಾಲು

ನನ್ನ ಗಂಡನಿಗೆ ಸೇನೆಯಲ್ಲಿ ಆಸಕ್ತಿಯಿರಲಿಲ್ಲವಂತೆ. ಹಾಗೆಂದು ಸೇನೆಯ ಕಚೇರಿಯವರು ಬರೆದು, ಮೊಹರು ಒತ್ತಿ, ಕಳಿಸಿದ್ದರು. ಗಂಡ ತೀರಿಕೊಂಡು ಮೂರು ವರ್ಷವಾಯಿತು. ಅವರನ್ನು ನೆನೆದಾಗ ನನಗೆ ಅಳು ಬರುತ್ತದೆ. ಆ ಸಾಲನ್ನು ನೆನೆದಾಗ ಬರುವುದು ಸಿಟ್ಟು ಮಾತ್ರ.

ಅವರು ಪೂರ್ಣಾವಧಿಯ ಸೈನಿಕರಲ್ಲ, ಮೀಸಲು ಪಡೆಯಲ್ಲಿ ಕ್ಯಾಪ್ಟನ್ ಆಗಿದ್ದರು. ವರ್ಷವಿಡೀ ತಮ್ಮ ಕೆಲಸ ಮಾಡಿಕೊಂಡಿದ್ದು, ವರ್ಷಕ್ಕೊಮ್ಮೆ ಕ್ಯಾಂಪಿಗೆ ಹೋಗಿ ತರಬೇತಿ ಪಡೆಯಬೇಕು. ಅಗತ್ಯ ಬಿದ್ದರೆ ಕರೆದಲ್ಲಿಗೆ ಹೋಗಿ ನಿಲ್ಲಬೇಕು. ಮಂಗಳೂರಿನ ಸಾಗಾಟ ಕಂಪೆನಿಯೊಂದರಲ್ಲಿದ್ದಾಗ ಸೇರಿದ್ದರು. ಆಮೇಲೆ ಕಂಪೆನಿ ದುಬೈಗೆ ಕಳಿಸಿದಾಗ, ಪಡೆಯ ಒಪ್ಪಿಗೆ ಪಡೆದೇ ಬಂದರು.

ನಮ್ಮದು ದುಬೈಯ ಅಲ್ ನಹ್ದಾದಲ್ಲಿ ಒಂದು ಬೆಡ್‌ರೂಮಿನ ಮನೆ. ಅವರಿಗೆ ಜೆಬೆಲ್ ಅಲಿ ಬಂದರಿನಲ್ಲಿ ಕೆಲಸ, ವಾರಕ್ಕೆರಡು ದಿನ ಅಬುಧಾಬಿ. ನಾನು ಹತ್ತಿರದ ನರ್ಸರಿಯಲ್ಲಿ ಸಣ್ಣ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೆ. ವರ್ಷಕ್ಕೆ ಮೂವತ್ತು ದಿನ ರಜೆ. ಉಳಿದವರು ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋದರೆ, ಇವರು ಬೂಟು ಕಟ್ಟಿಕೊಂಡು ಕ್ಯಾಂಪಿಗೆ ಹೋಗುತ್ತಿದ್ದರು. ಮನೆಗೆ ಎರಡು ದಿನ ಸಿಕ್ಕಿದರೆ ಹೆಚ್ಚು. ಒಂಬತ್ತು ವರ್ಷದಲ್ಲಿ ಒಂದು ಕ್ಯಾಂಪನ್ನೂ ತಪ್ಪಿಸಲಿಲ್ಲ. ಮಗಳು ಶಾಲೆಯ ಪ್ರಬಂಧದಲ್ಲಿ, ನಮ್ಮ ಪಪ್ಪ ರಜೆಯಲ್ಲಿ ಓಡುತ್ತಾರೆ ಎಂದು ಬರೆದಿದ್ದಳು.

ಎದುರು ಮನೆಯ ಬ್ಯಾರಿ ಹೆಂಗಸು ನನಗೆ ತಂಗಿಯ ಹಾಗೆ. ಅವಳು ಇವರನ್ನು ಕೆಣಕುತ್ತಿದ್ದಳು.

"ಅಣ್ಣಾ, ನಿಮಗೆ ಊರಲ್ಲಿ ಇನ್ನೊಂದು ಮನೆ ಉಂಟಂತ ಕಾಣ್ತದೆ. ರಜೆ ಹಾಕಿ ಬಿಸಿಲಲ್ಲಿ ಓಡ್ಲಿಕ್ಕೆ ಯಾರಾದ್ರೂ ಹೋಗ್ತಾರಾ?"

"ಉಂಟು ಮಾರಾಯ್ತಿ. ಅಲ್ಲಿ ನಾಲ್ಕು ಗಂಟೆಗೆ ಎಬ್ಬಿಸ್ತಾರೆ. ನೀನೂ ಬರ್ತೀಯಾ?"

"ಯಾ ಅಲ್ಲಾ, ಬೇಡಪ್ಪ. ನನಗೆ ಈ ಒಂದು ಮನೆಯೇ ಸಾಕು."

ಕ್ಯಾಪ್ಟನ್‌ನಿಂದ ಮೇಜರ್ ಆಗಲು ಒಂದು ಕೋರ್ಸ್ ಮಾಡಬೇಕಿತ್ತು. ಅದಕ್ಕೆ ಹೆಸರು ಬಂದಾಗ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರುತ್ತದೆ. ಇವರು ಕೊಟ್ಟದ್ದು ಊರಿನ ವಿಳಾಸ. ದುಬೈಯಲ್ಲಿ ಮನೆ ಬಾಗಿಲಿಗೆ ಅಂಚೆಯವನು ಬರುವುದಿಲ್ಲ, ಎಲ್ಲವೂ ಕಂಪೆನಿಯ ಪೋಸ್ಟ್ ಬಾಕ್ಸಿಗೆ. ಅಲ್ಲಿ ಪ್ರತಿ ಕವರನ್ನೂ ಒಡೆದು ನೋಡುವವರಿದ್ದರು. ಹಾಗಾಗಿ ಪತ್ರ ಊರಿಗೆ ಬರಲಿ, ಅಲ್ಲಿಂದ ತರಿಸಿಕೊಂಡರಾಯಿತು ಎಂಬ ಲೆಕ್ಕ.

ನಾವು ಊರಿಂದ ಏನನ್ನು ತರಿಸಿದರೂ ಬರುವವರ ಕೈಯಲ್ಲೇ ತರಿಸುವುದು. ಕುಚ್ಚಲಕ್ಕಿ, ಹಪ್ಪಳ, ಕಷಾಯದ ಪುಡಿ, ಮಗಳ ಜನನ ಪ್ರಮಾಣಪತ್ರ, ಎಲ್ಲವೂ ಹಾಗೆಯೇ ಬಂದವು. ಯಾರ ಟಿಕೆಟ್ ಯಾವಾಗ ಎಂಬುದು ಅತ್ತೆಗೆ ಬಾಯಿಪಾಠ. ಅವರಿಗೆ ಕನ್ನಡ ಬಿಟ್ಟು ಬೇರೆ ಓದಲು ಬರುವುದಿಲ್ಲ. ಸರಕಾರದ ಕವರು ಬಂದರೆ ಏನು ಮಾಡಲಿ ಎಂದು ಕೇಳಿದಾಗ ನಾನೇ ಹೇಳಿದ್ದೆ, "ಒಡಿಬೇಡಿ ಅತ್ತೆ. ಪೋಸ್ಟಿಗೂ ಹಾಕ್ಬೇಡಿ, ಕಳೆದುಹೋಗ್ತದೆ. ಬರುವವರ ಕೈಯಲ್ಲಿ ಕೊಡಿ."

ಮೊದಲ ಪತ್ರ ಹಪ್ಪಳದ ಕಟ್ಟಿನ ಜತೆ ಬಂತು. ಒಡೆದು ನೋಡಿದರೆ ಕೋರ್ಸ್ ಶುರುವಾಗಿ ನಾಲ್ಕು ದಿನವಾಗಿತ್ತು. ಇವರು ಮುಂದಿನ ಬಾರಿ ಪತ್ರ ಬಂದ ಕೂಡಲೇ ಫೋನ್ ಮಾಡಬೇಕು ಎಂದು ಅಮ್ಮನಿಗೆ ಹೇಳಿದರು.

ಮರುವರ್ಷ ಅತ್ತೆ ಫೋನ್ ಮಾಡಿದರು. ಎತ್ತಿಕೊಂಡದ್ದು ನಾನು. ಇವರು ಅಬುಧಾಬಿಯಲ್ಲಿದ್ದರು. ಗುರುವಾರ ನಮ್ಮ ಬಿಲ್ಡಿಂಗಿನವರೊಬ್ಬರು ಬರುವುದಿತ್ತು, ಅವರ ಕೈಯಲ್ಲಿ ಕೊಡಿ ಎಂದೆ. ಇವರಿಗೆ ಹೇಳಲಿಲ್ಲ. ಪತ್ರ ಬಂದ ಮೇಲೆ ಕೈಗೇ ಕೊಟ್ಟರಾಯಿತು ಎಂದುಕೊಂಡೆ. ಆ ವಾರ ಮಗಳಿಗೆ ಜ್ವರವಿತ್ತು ಎಂಬುದೂ ನಿಜ. ಗುರುವಾರ ಬರಬೇಕಾದವರು ವೀಸಾದ ತೊಡಕಿನಿಂದ ಹನ್ನೊಂದು ದಿನ ತಡವಾಗಿ ಬಂದರು. ಎರಡನೆಯ ಕೋರ್ಸೂ ತಪ್ಪಿತು.

ಎರಡು ಬಾರಿ ಬಡ್ತಿ ತಪ್ಪಿದವರನ್ನು ಬಿಡುಗಡೆ ಮಾಡಬಹುದೆಂಬ ನಿಯಮವಿತ್ತು. ಬಿಡುಗಡೆ ಮಾಡಿದರು. ಆದೇಶದಲ್ಲಿ ಅಷ್ಟನ್ನೇ ಬರೆದಿದ್ದರೆ ಇವರು ಬಹುಶಃ ಸುಮ್ಮನಿರುತ್ತಿದ್ದರು. ಆದರೆ ಯಾರೋ ಒಬ್ಬರು, ಈ ಅಧಿಕಾರಿಗೆ ಸೇವೆಯಲ್ಲಿ ಆಸಕ್ತಿಯಿಲ್ಲ ಎಂದು ಒಂದು ಸಾಲು ಸೇರಿಸಿದ್ದರು. ಬೂಟಿಗೆ ಹೊಸ ಲೇಸು ತನ್ನಿ ಎಂದು ಮೊಬೈಲಿಗೆ ಸಂದೇಶ ಕಳಿಸಲು ಗೊತ್ತಿದ್ದ ಕಚೇರಿಗೆ, ಕೋರ್ಸಿಗೆ ಬರುತ್ತೀರಾ ಎಂದು ಒಂದು ಫೋನ್ ಮಾಡಲು ಗೊತ್ತಾಗಲಿಲ್ಲ. ಎರಡು ವರ್ಷ ಖಾಲಿ ಬಿದ್ದ ಕುರ್ಚಿಯನ್ನು ನೋಡಿದವರು, ಅದಕ್ಕೂ ಮುಂಚಿನ ಒಂಬತ್ತು ಕ್ಯಾಂಪಿನ ಹಾಜರಿ ಪುಸ್ತಕವನ್ನು ನೋಡಲಿಲ್ಲ.

ಇವರು ಮೇಲ್ಮನವಿ ಬರೆದರು. ಮೂರು ಶುಕ್ರವಾರ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ನಾಲ್ಕು ಪುಟ ಬರೆದರು. ಕ್ಯಾಂಪಿನ ಪ್ರಮಾಣಪತ್ರಗಳು, ವಿಮಾನದ ಟಿಕೆಟುಗಳು, ಕಂಪೆನಿಯ ರಜೆ ಚೀಟಿಗಳು, ಎಲ್ಲವನ್ನೂ ಜೋಡಿಸಿದರು. ಗೈರಿಗೆ ಕಾರಣ ಎಂಬಲ್ಲಿ ಮಾತ್ರ, ಪತ್ರ ಸಮಯಕ್ಕೆ ಕೈಸೇರಲಿಲ್ಲ ಎಂದಷ್ಟೇ ಬರೆದು ನಿಲ್ಲಿಸಿದರು.

"ಯಾಕೆ ಸೇರಲಿಲ್ಲ ಅಂತ ಬರೀರಿ" ಎಂದೆ.

"ಎಂತ ಬರಿಯುದು? ಅಮ್ಮನ ಮೇಲೆ ಹಾಕುದಾ, ನಿನ್ನ ಮೇಲೆ ಹಾಕುದಾ? ಮನೆಯವರ ಹೆಸರು ಹೇಳಿ ಬಚಾವಾಗುವವ ಎಂಥ ಆಫೀಸರ್?"

ಆಗ ನನಗೆ ಒಳಗೊಳಗೇ ಸಮಾಧಾನವಾಯಿತು. ಇದನ್ನು ಹೇಳದೆ ಉಳಿದದ್ದನ್ನೆಲ್ಲ ಬರೆದು ಪ್ರಯೋಜನವಿಲ್ಲ.

ಮೇಲಧಿಕಾರಿಗಳು ಎರಡನೆಯ ರಿಜಿಸ್ಟರ್ಡ್ ಪತ್ರದ ಸ್ವೀಕೃತಿ ಚೀಟಿಯ ನಕಲು ಕಳಿಸಿದರು. ಅದರಲ್ಲಿ ಅತ್ತೆಯ ಸಹಿ ಇತ್ತು. ಕೋರ್ಸಿಗೆ ಎರಡು ವಾರ ಮೊದಲೇ ಪತ್ರ ಮನೆ ಸೇರಿದೆ, ಏನು ಹೇಳುತ್ತೀರಿ ಎಂದು ಕೇಳಿದರು. ಬೇರೇನೂ ಹೇಳುವುದಿಲ್ಲ ಎಂದು ಇವರು ಉತ್ತರಿಸಿದರು. ಆಮೇಲೆ ಒಂದು ವರ್ಷ ಅತ್ತಲಿಂದ ಸದ್ದಿಲ್ಲ. ಆ ವರ್ಷ ಮೊದಲ ಬಾರಿಗೆ ರಜೆಯ ಮೂವತ್ತು ದಿನವೂ ಮನೆಯಲ್ಲಿದ್ದರು. ಏನು ಮಾಡಬೇಕೆಂದು ತಿಳಿಯದೆ ಅತ್ತೆಯ ಮನೆಯ ಬಾಗಿಲುಗಳಿಗೆಲ್ಲ ಬಣ್ಣ ಬಳಿದರು.

ಒಂದು ಮಂಗಳವಾರ ಬೆಳಿಗ್ಗೆ ಅಬುಧಾಬಿಯ ಗೋದಾಮಿನಲ್ಲಿ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ನಲವತ್ತಾರು ವರ್ಷ. ನಾನು ತಲುಪುವ ಹೊತ್ತಿಗೆ ಆಸ್ಪತ್ರೆಯವರು ಕೈಗಡಿಯಾರ ಬಿಚ್ಚಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟಿದ್ದರು. ಉಳಿದದ್ದನ್ನು ನಾನು ಬರೆಯಲಾರೆ.

ಸಾವಿನ ಸುದ್ದಿಯನ್ನು ಸೇನೆಯ ಕಚೇರಿಗೆ ಬರೆದು ತಿಳಿಸಿದ್ದೆ. ಐದು ತಿಂಗಳ ನಂತರ ಉತ್ತರ ಬಂತು. ಮನವಿದಾರರು ನಿಧನರಾದ್ದರಿಂದ ಕಡತ ಮುಚ್ಚಲಾಗಿದೆ, ಅಷ್ಟೇ. ಬದುಕಿದ್ದವರಿಗೆ ಒಂದು ಸಾಲು ಬರೆಯಲು ವರ್ಷವಾದರೂ ಸಮಯ ಸಿಗದಿದ್ದವರಿಗೆ, ಸತ್ತವರ ಕಡತ ಮುಚ್ಚಲು ಸಮಯ ಸಿಕ್ಕಿತ್ತು. ನಾನು ಓದಿದ್ದು ಪಿಯುಸಿ. ದೊಡ್ಡವರ ಜತೆ ಮಾತಾಡಿ ಅಭ್ಯಾಸವಿಲ್ಲ. ಆದರೂ ನರ್ಸರಿಯ ಊಟದ ಬಿಡುವಿನಲ್ಲಿ ಆ ಕಚೇರಿಗೆ ಫೋನ್ ಮಾಡಿದೆ. ಗುಮಾಸ್ತರೊಬ್ಬರು ಹಿಂದಿಯಲ್ಲಿ ಮಾತಾಡಿದರು.

"ಮೇಡಂ, ಅವರೇ ಇಲ್ಲವಲ್ಲ. ಈಗ ಏನು ಪ್ರಯೋಜನ?"

"ಅವರಿಲ್ಲ. ಆ ಸಾಲು ಇದೆಯಲ್ಲ" ಎಂದೆ. "ಕೆಲಸ ವಾಪಸ್ ಕೊಡಿ ಎನ್ನುತ್ತಿಲ್ಲ. ಸುಳ್ಳನ್ನು ತೆಗೆಯಿರಿ."

ಅವರು ಸ್ವಲ್ಪ ಹೊತ್ತು ಪುಟ ತಿರುವಿದರು. ಆಮೇಲೆ ದನಿ ತಗ್ಗಿತು. "ನೋಡಿ, ಪತ್ರ ಮನೆಯಲ್ಲೇ ಯಾಕೆ ಉಳಿಯಿತು ಎಂದು ಇಲ್ಲಿ ಯಾರೂ ಬರೆದಿಲ್ಲ. ಗೊತ್ತಿರುವವರು ಪ್ರಮಾಣ ಮಾಡಿ ಬರೆದುಕೊಟ್ಟರೆ ಕಡತ ಮತ್ತೆ ತೆರೆಯಬಹುದು."

ಗೊತ್ತಿರುವವಳು ನಾನೇ. ಫೋನ್ ಇಟ್ಟ ಮೇಲೆ ಇವರ ಮೇಲೆಯೂ ಸಿಟ್ಟು ಬಂತು. ನನ್ನನ್ನು ಕಾಪಾಡಿ ಎಂದು ನಾನು ಕೇಳಿದ್ದೆನೇ? ಕೇಳಿರಲಿಲ್ಲ. ಬೇಡವೆಂದೂ ಹೇಳಿರಲಿಲ್ಲ.

ಬರೆಯುತ್ತೇನೆ ಎಂದಾಗ ಮಗಳು ಹೆದರಿದಳು. "ಅಮ್ಮಾ, ದೇ ವಿಲ್ ಬ್ಲೇಮ್ ಯು."

"ಮಾಡಲಿ. ನಿನ್ನ ಪಪ್ಪನನ್ನು ಬ್ಲೇಮ್ ಮಾಡುವುದಕ್ಕಿಂತ ಅದು ಸರಿ."

ಅತ್ತೆಗೆ ಫೋನಿನಲ್ಲಿ ತಿಳಿಸಿದೆ. ಅವರು ಮೂಗು ಸೀಟಿದ ಸದ್ದು ಕೇಳಿಸಿತು. "ಸಹಿ ಹಾಕಿದ್ದು ನಾನಲ್ವಾ ಮಗಾ. ನನ್ನದೂ ಬರಿ. ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ ಅಂತ್ಲೂ ಬರಿ, ನಾಚಿಕೆ ಎಂತ ಇಲ್ಲ."

ಎದುರು ಮನೆಯವಳು ನನ್ನ ಜತೆ ಟೈಪಿಂಗ್ ಸೆಂಟರಿಗೆ ಬಂದಳು. ಅರ್ಜಿ, ಅಫಿಡವಿಟ್‌ಗಳನ್ನೆಲ್ಲ ಇಲ್ಲಿ ಅಂಥ ಅಂಗಡಿಗಳಲ್ಲೇ ಟೈಪ್ ಮಾಡಿಸುವುದು. ಅಲ್ಲಿದ್ದ ಮಲಯಾಳಿ ಟೈಪಿಸ್ಟ್ ನನ್ನ ಬರಹ ಓದಿ, "ಚೇಚೀ, ಅಂಚೆಯಲ್ಲಿ ತಡವಾಯಿತು ಎಂದು ಹಾಕಲಾ? ಎಲ್ಲರೂ ಹಾಗೇ ಹಾಕುತ್ತಾರೆ" ಎಂದು ಹಿಂದಿಯಲ್ಲಿ ಕೇಳಿದ.

"ಅಂಚೆ ತಡ ಮಾಡಲಿಲ್ಲ" ಎಂದೆ. "ನಾನು ಮಾಡಿದ್ದು. ಹಾಗೇ ಹಾಕು."

ಕಾನ್ಸುಲೇಟಿನ ಕೌಂಟರಿನಲ್ಲಿ, ಇದರಲ್ಲಿರುವುದು ಸತ್ಯವೇ ಎಂದು ಕೇಳಿದರು. ಹೌದು ಎಂದು ಸಹಿ ಹಾಕಿದೆ.

ಎರಡೇ ತಿಂಗಳಲ್ಲಿ ಉತ್ತರ ಬಂತು. ಬಿಡುಗಡೆಯ ಆದೇಶ ಬದಲಾಗುವುದಿಲ್ಲ. ಆಸಕ್ತಿಯಿಲ್ಲ ಎಂಬ ಸಾಲನ್ನು ತೆಗೆದು, ನಿಗದಿತ ಕೋರ್ಸ್ ಪೂರೈಸಿಲ್ಲ ಎಂದು ತಿದ್ದಲಾಗಿದೆ. ತಪ್ಪು ಬರೆದದ್ದಕ್ಕೆ ವಿಷಾದವೆಂಬ ಒಂದು ಪದವೂ ಅದರಲ್ಲಿಲ್ಲ. ಇಷ್ಟು ಸುಲಭದ ಕೆಲಸವಾಗಿತ್ತು. ಅವರು ಬಾಗಿಲಿಗೆ ಬಣ್ಣ ಬಳಿಯುತ್ತಿದ್ದ ಆ ಮೂವತ್ತು ದಿನಗಳಲ್ಲೇ ಆಗಬಹುದಿತ್ತು. ನಾನು ಬಾಯಿ ಬಿಟ್ಟಿದ್ದರೆ, ಕಚೇರಿಯವರು ಒಂದು ಫೋನ್ ಮಾಡಿದ್ದರೆ.

ಅತ್ತೆಗೆ ಓದಿ ಹೇಳಿದೆ.

"ಹಾಗಾದ್ರೆ ಅವನಿಗೆ ಆಸಕ್ತಿ ಇತ್ತು ಅಂತ ಬರೆದಿದ್ದಾರಾ?"

"ಇಲ್ಲ ಅತ್ತೆ. ಇರಲಿಲ್ಲ ಅಂತ ಬರೆದದ್ದನ್ನು ತೆಗೆದಿದ್ದಾರೆ."

"ಅಷ್ಟು ಸಾಕಾ ನಿನಗೆ?"

"ಸಾಲದು" ಎಂದೆ.