ರಾಣಿಯ ಕೊರಳಿನ ಕರಿಮಣಿ

ಹಳಿಯಾಳದ ಮೋದಿನಸಾಬ ಮಣಿಯಾರ ಬಳೆಯ ಮಲಾರವನ್ನು ಹೆಗಲಿಗೇರಿಸಿದನೆಂದರೆ ಜೋಯಿಡಾ ಕಾಡಿನ ಕಟ್ಟಕಡೆಯ ಮನೆಯ ಹೊಗೆ ಕಾಣುವ ತನಕ ಇಳಿಸಿದವನಲ್ಲ. ಒಂದು ಮಳೆಗಾಲ ಕಾಳಿ ಹೊಳೆಯ ನಟ್ಟನಡುವೆ ದೋಣಿ ಮಗುಚಿತು. ಆತ ಮಲಾರವನ್ನು ಹೊಳೆಗೆ ಬಿಟ್ಟು ಕರಿಮಣಿಯ ಗಂಟನ್ನು ಮಾತ್ರ ಹಲ್ಲಲ್ಲಿ ಕಚ್ಚಿಕೊಂಡು ಈಸಿ ದಡ ಹತ್ತಿದ. ಆಚೆ ದಂಡೆಯ ಸಿದ್ದಿಯರ ಮನೆಯಲ್ಲಿ ಮದುಮಗಳು ಬರಿಗೊರಳಲ್ಲಿ ಕಾದು ಕೂತಿದ್ದಳು. ಆ ಮನೆಯ ಹಿರಿಯ ಸಂತಾನ ಸಿದ್ದಿ ಖುಷಿಪಟ್ಟು ಹೆಂಡತಿಯ ಸರದಿಂದ ಒಂದು ರಾಣಿಛಾಪಿನ ಬೆಳ್ಳಿ ರೂಪಾಯಿ ಬಿಚ್ಚಿ ಅವನ ಅಂಗೈಗಿಟ್ಟ.

ಮೋದಿನಸಾಬನ ಹೆಂಡತಿ ಖಾಜಾಬಿ. ಹೊಲದ ಕೆಲಸ ಮಾಡಿ ಕಲ್ಲಾದ ಕೈಯೂ ಆಕೆಯ ಹಿಡಿತದಲ್ಲಿ ಬೆಣ್ಣೆಯಾಗಿ ಬಳೆಯೊಳಗೆ ಜಾರುತ್ತಿತ್ತು. ದೂರದ ಇಂದೂರು ಹಳ್ಳಿಯಿಂದ ಎತ್ತಿನ ಗಾಡಿ ಹೂಡಿಕೊಂಡು ಹೆಂಗಸರು ಆಕೆಯ ಹತ್ತಿರ ಬರುತ್ತಿದ್ದರು. ಮನೆಗೆ ಒಂದು ಕಟ್ಟಳೆ ಹಾಕಿದವಳೂ ಆಕೆಯೇ: ಮದುಮಗಳ ಕರಿಮಣಿ ಪೋಣಿಸುವವಳ ಕೊರಳಲ್ಲಿಯೂ ಕರಿಮಣಿ ಇರಬೇಕು, ಅಂದರೆ ಆಕೆಯ ಗಂಡ ಬದುಕಿರಬೇಕು. ಮೌಲವಿಗಳನ್ನು ಕೇಳಿದರೆ ನಕ್ಕುಬಿಟ್ಟಾರು. ಆದರೆ ಹಿಂದೂ ಇರಲಿ, ಮುಸಲ್ಮಾನ ಇರಲಿ, ಕಿರಿಸ್ತಾನ ಸಿದ್ದಿ ಇರಲಿ, ಈ ಸೀಮೆಯ ತಾಯಂದಿರು ಖಾಜಾಬಿಯ ಮಾತನ್ನು ಗಟ್ಟಿಯಾಗಿ ಹಿಡಿದರು.

ಜಾಹೀದಾ ಇವರ ಮೊಮ್ಮಗಳು. ಮಾತು ಕಲಿಯುವ ಮೊದಲೇ ಮಣಿ ಪೋಣಿಸಿದವಳು ಎಂದು ಓಣಿಯಲ್ಲಿ ಹೇಳುವುದುಂಟು. ದಾಂಡೇಲಿಯ ಲಾರಿ ಮೆಕ್ಯಾನಿಕ್ ಸುಭಾನಿಯನ್ನು ಮದುವೆಯಾಗಿ ಬಂದಳು. ಗಂಡನ ಕೈ ತುಂಬ ಗ್ರೀಸು, ಹೆಂಡತಿಯ ಮಡಿಲ ತುಂಬ ಮಣಿ. "ನಾ ನಟ್ಟ ಬಿಗಿತೇನಿ, ನೀ ಗಂಟ ಬಿಗಿ. ಇಬ್ಬರದೂ ಸಡಲಬಾರದ ನೋಡ," ಎಂದು ಆತ ಚಾಷ್ಟಿ ಮಾಡುತ್ತಿದ್ದ. ಆಕೆ ಕಟ್ಟಿದ ಕರಿಮಣಿ ಹಾಕಿಕೊಂಡ ಹೆಣ್ಣುಮಕ್ಕಳು ದಾಂಡೇಲಿಯ ಓಣಿ ಓಣಿಯಲ್ಲೂ ಇದ್ದರು.

ಒಂದು ಮಧ್ಯಾಹ್ನ ಲಾರಿಯ ಕೆಳಗಿನಿಂದ ಎದ್ದುಬಂದು ನೀರು ಕೇಳಿದ ಸುಭಾನಿ, ನೀರು ಬರುವಷ್ಟರಲ್ಲಿ ಇರಲಿಲ್ಲ. ಬಂಧು ಹೆಂಗಸರು ಜಾಹೀದಾಳ ಕೊರಳಿನ ಕರಿಮಣಿ ಬಿಚ್ಚಿದರು. ಆಕೆ ಅದನ್ನು ತವರಿನ ತಗಡಿನ ಡಬ್ಬಿಯಲ್ಲಿ ಅಜ್ಜನ ಬೆಳ್ಳಿ ರೂಪಾಯಿಯ ಪಕ್ಕದಲ್ಲಿಟ್ಟಳು.

ದಿನಗಳು ಕಳೆದವು. ಹಿಂದಿನ ಓಣಿಯ ಕಾಶೆವ್ವ ಮಗಳ ಮದುವೆಯ ಬಂಗಾರದ ಗುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದವಳು ಬಾಗಿಲಲ್ಲೇ ನಿಂತಳು. ಕಣ್ಣು ಜಾಹೀದಾಳ ಕೊರಳಿಗೆ ಹೋಯಿತು.

"ಹಾಂಗ... ಬಿಸಿಲಾಗ ಬರೂಮುಂದ ನೀರಡಿಕಿ ಆತು. ಒಂದ ತಂಬಿಗಿ ನೀರ ಕೊಡವಾ."

ನೀರು ಕುಡಿದಳು, ಸೆರಗಿನ ಗಂಟನ್ನು ಬಿಚ್ಚದೆಯೇ ಹೋದಳು. ಜಾಹೀದಾ ಸಿಟ್ಟಾಗಲಿಲ್ಲ. ಯಾರ ಮೇಲೆ ಸಿಟ್ಟಾಗುವುದು? ಅಜ್ಜಿ ಹಾಕಿದ ಕಟ್ಟಳೆಯೇ ನಡೆದುಬಂದು ತನ್ನ ಬಾಗಿಲಲ್ಲಿ ನೀರು ಕುಡಿದು ಹೋದಂತಿತ್ತು.

ಖಾಲಿ ಕೈಗೆ ಕೆಲಸ ತಂದವಳು ನೀಲಂ, ಅಜ್ಜನಿಗೆ ಬೆಳ್ಳಿ ರೂಪಾಯಿ ಕೊಟ್ಟ ಸಂತಾನ ಸಿದ್ದಿಯ ಮರಿಮಗಳು. ಗಣೇಶಗುಡಿಯ ಒಂದು ಹೋಂಸ್ಟೇಯಲ್ಲಿ ಅಡುಗೆ ಮಾಡುತ್ತಾಳೆ. ಅಲ್ಲಿಗೆ ಪ್ರತಿ ಚಳಿಗಾಲ ಮಂಗಟ್ಟೆ ಹಕ್ಕಿ ನೋಡಲು ಗೋವಾದಿಂದ ಬರುತ್ತಿದ್ದ ಇಂಗ್ಲಿಷ್ ಗಂಡಹೆಂಡಿರಲ್ಲಿ ಹೆಂಡತಿಯ ಹಳೆಯ ಮಣಿಯ ಪರ್ಸು ಹರಿದಿತ್ತು. ವಿಕ್ಟೋರಿಯಾ ರಾಣಿಯ ಕಾಲದ್ದಂತೆ. ನೀಲಂ ಅದನ್ನು ತಂದು ಜಾಹೀದಾಳ ಮಡಿಲಿಗೆ ಹಾಕಿದಳು.

ಯಾರೂ ಕಲಿಸಲಿಲ್ಲ. ಜಾಹೀದಾ ಒಂದು ಮೂಲೆಯಿಂದ ಬಿಚ್ಚುತ್ತ, ಬಂದ ಮಣಿಗಳನ್ನು ಬಂದ ಹಾಗೆಯೇ ಇನ್ನೊಂದು ದಾರಕ್ಕೆ ಏರಿಸುತ್ತ ಗುಟ್ಟು ಹಿಡಿದಳು. ಮೊದಲು ಇಡೀ ಗುಲಾಬಿಯನ್ನು ಉದ್ದಕ್ಕೆ ದಾರದಲ್ಲಿ ಪೋಣಿಸಿಟ್ಟುಕೊಳ್ಳಬೇಕು. ಆಮೇಲೆ ಹೆಣೆಯುತ್ತ ಹೋದಂತೆ ಹೂವು ತಾನೇ ಅರಳುತ್ತದೆ. ಒಂದು ಮಣಿ ತಪ್ಪಿದರೆ ಗುಲಾಬಿಯ ಮೂತಿ ಸೊಟ್ಟ. ಆ ಪರ್ಸಿನಿಂದ ಶುರುವಾಗಿ ಕುಚ್ಚಿನ ಬಟುವಾ, ಕಿವಿಯ ಜೋಲು, ಜಂಪರಿನ ಎದೆಗೆ ಮಣಿಯ ಬಳ್ಳಿ, ಕೊರಳಿಗೆ ಅಂಟಿ ಕೂರುವ ಪಟ್ಟಿ ಎಲ್ಲ ಮನೆಯಲ್ಲೇ ತಯಾರಾಗತೊಡಗಿದವು. ನೀಲಿ, ಹಸಿರು, ಹಾಲುಬಿಳುಪು ಮಣಿಗಳು. ಕರಿ ಬಣ್ಣವನ್ನು ಆಕೆ ಮುಟ್ಟಲಿಲ್ಲ. "ಇದರಾಗ ಯಾರ ಮದಿವಿನೂ ಇಲ್ಲ. ಅದಕ್ಕ ನನ್ನ ಕೈಗೆ ಒಗ್ಗೇತಿ," ಎನ್ನುತ್ತಿದ್ದಳು.

ಅಂಥವಳಿಗೆ ಹೋದ ಚಳಿಗಾಲ ನೀಲಂ ಫೋನು ಮಾಡಿ ಹೇಳಿದಳು: "ಮಾವಶಿ, ಆ ಪರ್ಸಿನ ಮೇಡಂ ಬರ್ತಾರಂತ. ಕೊರಳಪಟ್ಟಿ ಒಂದ ಬೇಕಂತ. ಪೂರಾ ಕರಿ ಮಣೀದು. ಇಗರ್ಜಿಗೆ ಹಾಕ್ಕೊಂಡ ಹೋಗಾಕ."

ಜಾಹೀದಾಳ ತಲೆಗೆ ಬಂದದ್ದು ಒಂದೇ. ಪೂರಾ ಕರಿಮಣಿ, ಅದೂ ಇಗರ್ಜಿಗೆ ಅಂದರೆ ಮದುವೆ! ಮುದಿ ಗಂಡಹೆಂಡಿರು ಇನ್ನೊಂದು ಸಲ ಮದುವೆ ಮಾಡಿಕೊಳ್ಳುವುದನ್ನು ಟಿವಿಯಲ್ಲಿ ನೋಡಿದ್ದಳು. ಆದರೆ ತನ್ನ ಕೈ? ಮಾಡಲೋ ಬೇಡವೋ ಎಂದು ಮಣಿಯ ಪೊಟ್ಟಣವನ್ನು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು ನಡೆಯಿತು. ಕೊನೆಗೆ ಸೊಸೆ ಅನೀಸಾಳನ್ನು ಕರೆದಳು.

"ಮೊದಲನೇ ಸಾಲ ನೀ ಪೋಣಸು. ನಿನ್ನ ಗಂಡ ಗುಂಡಕಲ್ಲಿನಂಗ ಇದ್ದಾನ."

"ಅಮ್ಮಿ, ನನಗ ಗುಂಡಿ ಹಚ್ಚಾಕ ಬರೂದಿಲ್ಲ!"

"ಅದು ನನ್ನ ಮಗನ ಅಂಗಿ ನೋಡಿದ್ರ ಗೊತ್ತಾಗತೈತಿ. ಕೂಡು."

ಅನೀಸಾ ಹಾಕಿದ ಸಾಲು ಎಮ್ಮೆ ನಡೆದ ದಾರಿಯಂತೆ ಡೊಂಕಾಯಿತು. ಆದರೂ ಜಾಹೀದಾ ಬಿಚ್ಚಲಿಲ್ಲ. ಆ ಸಾಲಿನ ಮೇಲೆಯೇ ಹೆಣೆದಳು, ನಡುವೆ ಶುಭಕ್ಕೆಂದು ಎರಡು ಹವಳ ಸೇರಿಸಿದಳು. ಪಟ್ಟಿ ಮುಗಿದಾಗ ಖಾಜಾಬಿ ಕಂಡಿದ್ದರೆ ಭೇಷ್ ಅನ್ನುತ್ತಿದ್ದಳು ಎಂದುಕೊಂಡಳು.

ಒಯ್ಯಲು ಬಂದ ನೀಲಂ ಪಟ್ಟಿಯನ್ನು ಬೆಳಕಿಗೆ ಹಿಡಿದಳು.

"ಮಾವಶಿ, ಈ ಕೆಂಪು ಯಾಕ್ರಿ?"

"ಹವಳ ಇಲ್ದ ಮದಿವಿ ಹೆಂಗ ಆದೀತವಾ?"

"ಯಾರ ಮದಿವಿ?"

"ಆ ಮೇಡಂದು! ಇಗರ್ಜಿಗೆ ಅಂತ ನೀನ ಅಂದೀಯಲ್ಲ."

ನೀಲಂ ನೆಲಕ್ಕೆ ಕೂತಳು. "ಅಯ್ಯ ದೇವಾ! ಸಾಹೇಬ್ರು ತೀರಿಕೊಂಡಾರ್ರಿ. ಅವರ ಹೆಸರಿನ ಪ್ರಾರ್ಥನಾಕ್ಕ ಹಾಕ್ಕೊಳ್ಳೂ ಪಟ್ಟಿ ಇದು. ನನಗೂ ನಿನ್ನೇನ ಗೊತ್ತಾತು."

"ಗಂಡ ಸತ್ರ ಕರಿಮಣಿ ತಗೀತಾರೋ, ಹಾಕ್ತಾರೋ?"

"ನಮ್ಮಲ್ಲಿ ತಗೀತೇವಿ. ಅವರ ರಾಣಿ ಕಾಲದಾಗ ಹಾಕ್ತಿದ್ರಂತ. ರಾಣಿ ಗಂಡ ಸತ್ತಮ್ಯಾಲ ಸಾಯೂತನಕ ಆಕಿ ಕರಿದ ಉಟ್ಲಂತ."

ಜಾಹೀದಾ ಪಟ್ಟಿಯನ್ನು ಬಿಸಿ ಮುಟ್ಟಿದವಳಂತೆ ಚಾಪೆಗೆ ಇಟ್ಟಳು. ಎದ್ದು ಹೋಗಿ ತಗಡಿನ ಡಬ್ಬಿ ತಂದಳು. ಅದೇ ರಾಣಿಯ ಛಾಪಿನ ಅಜ್ಜನ ಬೆಳ್ಳಿ ರೂಪಾಯಿಯನ್ನು ಸೆರಗಿನಿಂದ ಉಜ್ಜಿ, ಕನ್ನಡಕ ಏರಿಸಿ ನೋಡಿದಳು. ತಲೆಗೆ ಕಿರೀಟ ಇಟ್ಟುಕೊಂಡ ರಾಣಿ. ಕೊರಳಲ್ಲಿ ಸರ ಇದೆ. ಆದರೆ ಎಲ್ಲವೂ ಬೆಳ್ಳಿ. ಮಣಿ ಕರಿದೋ ಬಿಳಿದೋ ಹೇಗೆ ಗೊತ್ತಾಗಬೇಕು? ಈಕೆ ಗಂಡ ಇದ್ದವಳೋ ಇಲ್ಲದವಳೋ? ಇಷ್ಟು ವರ್ಷ ಮನೆಯಲ್ಲಿದ್ದರೂ ಆ ಹೆಂಗಸಿನ ಸುದ್ದಿ ತನಗೇನೂ ಗೊತ್ತಿರಲಿಲ್ಲ. ನಾಣ್ಯದ ಪಕ್ಕದಲ್ಲಿ ಸುಭಾನಿ ಕಟ್ಟಿದ ಕರಿಮಣಿ ಸುರುಳಿಯಾಗಿ ಮಲಗಿತ್ತು.

"ಹಂಗಾರ ಆ ಊರಾಗ ಹುಟ್ಟಿದ್ರ ಅವತ್ತ ಇದನ್ನ ಬಿಚ್ಚತಿರಲಿಲ್ಲ, ಮ್ಯಾಲ ಇನ್ನೊಂದ ಹಾಕ್ತಿದ್ರು," ಎಂದಳು. ನಗು ಅರ್ಧಕ್ಕೇ ನಿಂತಿತು.

"ಎರಡ ಹವಳ ಅಷ್ಟ ಅಲ್ರಿ? ಕತ್ತರಿಸಿ ಕೊಡ್ರಿ, ಸಂಜಿ ಬಸ್ಸಿಗೆ ಒಯ್ತೇನಿ."

"ಹವಳದ ಮಾತಲ್ಲವಾ." ಜಾಹೀದಾ ಅಡುಗೆಮನೆಯತ್ತ ನೋಡಿ ದನಿ ತಗ್ಗಿಸಿದಳು. "ಸತ್ತವರ ಮಣಿಗೆ ನಾನು ಗಂಡ ಇದ್ದಾಕಿ ಕೈ ಹಚ್ಚಿಸೇನಿ. ಏನ ಮಾಡಲಿ ಈಗ?"

ನೀಲಂ ಪಟ್ಟಿಯನ್ನು ಚಾಪೆಯ ಮೇಲೇ ಬಿಟ್ಟಳು. ನಾಲ್ಕು ದಿನ ಬಿಟ್ಟು ಬರುತ್ತೇನೆ ಎಂದು ಎದ್ದು ಹೋದಳು.

ಜಾಹೀದಾ ಪಟ್ಟಿಯನ್ನು ತುದಿಯಿಂದ ಬಿಚ್ಚಿದಳು. ಅನೀಸಾಳ ಡೊಂಕು ಸಾಲಿನ ಮಣಿಗಳನ್ನು ಬೇರೆ ಬಟ್ಟಲಿಗೆ ತೆಗೆದು, ತೊಳೆದು, ಬಿಸಿಲಿಗಿಟ್ಟು ಸೊಸೆಯ ಕೈಗೇ ಕೊಟ್ಟಳು, ಅವು ಅವಳವು. ಹೊಸ ಮಣಿ ತೆಗೆದು ಮೊದಲಿನಿಂದ ಶುರುಮಾಡಿದಳು. ತಪ್ಪು ಯಾವುದು? ಮದುವೆಗೆ ಬೇಡವಾದ ಕೈ ಇದಕ್ಕೆ ಆಗುತ್ತದೆಯೇ? ಅಜ್ಜಿಯ ಕಟ್ಟಳೆಯಲ್ಲಿ ಇಂಥ ಪಟ್ಟಿಯ ಮಾತೇ ಇರಲಿಲ್ಲ. ಹೆಣೆಯುತ್ತ ಹೆಣೆಯುತ್ತ ಒಮ್ಮೆ ಇದು ತನ್ನದೇ ಕೆಲಸ ಅನ್ನಿಸುವುದು, ಇನ್ನೊಮ್ಮೆ ಸೂಜಿ ಬೆರಳಿಗೆ ಚುಚ್ಚುವುದು. ಮಧ್ಯದಲ್ಲಿ ಎದ್ದು ನಾಣ್ಯ ನೋಡಿ ಬರುವಳು. ರಾಣಿ ಎತ್ತಲೋ ನೋಡುತ್ತಿರುವಳು.

ಪಟ್ಟಿ ಮುಗಿಯಿತು. ಕುಚ್ಚು ಸಮನಾಗಿ ಬೀಳುತ್ತದೋ ಇಲ್ಲವೋ ಎಂದು ಕೊರಳಿಗೆ ಹಾಕಿಯೇ ನೋಡಬೇಕು. ಯಾವಾಗಲೂ ಆ ಅಳತೆಗೆ ಅನೀಸಾಳ ಕೊರಳು. ಈಗ ಆ ಕೊರಳಿಗೆ ಇದನ್ನು ಮುಟ್ಟಿಸುವ ಹಾಗಿಲ್ಲ. ಮನೆಯಲ್ಲಿ ಉಳಿದ ಕೊರಳು ಒಂದೇ.

ಜಾಹೀದಾ ಮಧ್ಯಾಹ್ನದ ಬೆಳಕಿಗೆ ಕನ್ನಡಿಯ ಮುಂದೆ ಕೂತಳು. ಪಟ್ಟಿ ಕೊರಳಿಗೆ ತಾಕಿತು. ತಣ್ಣಗಿತ್ತು, ಭಾರವಿತ್ತು. ಕರಿಮಣಿಯ ಆ ಭಾರ ಮೈಗೆ ಮರೆತಿರಲಿಲ್ಲ. ಹಿಂದೆ ಕೈ ಹೊರಳಿಸಿದರೆ ಕೊಂಡಿ ಸಿಗುತ್ತಿಲ್ಲ, ಸಿಕ್ಕರೆ ಕೂಡುತ್ತಿಲ್ಲ. ಬಾಗಿಲಲ್ಲಿ ನಿಂತಿದ್ದ ಅನೀಸಾಳಿಗೆ ತಡೆಯಲಾಗಲಿಲ್ಲ.

"ಅಮ್ಮಿ, ಬಾಗಲಾ ತೆರದೈತಿ. ಕಾಶೆವ್ವಾರು ಹಾದ್ರ ಏನಂದಾರು?"

"ಏನಂತಾರೋ ನನಗೂ ಗೊತ್ತಿಲ್ಲ. ನಾ ಏನ ಮಾಡಾಕತ್ತೇನಿ ಅನ್ನೂದ ನನಗ ಗೊತ್ತಿಲ್ಲ, ಇನ್ನ ಅವರಿಗೇನ ಹೇಳಲಿ!"

"ಕೈ ನೋಯ್ತಾವು ನಿಮಗ. ತಡೀರಿ, ಕೊಂಡಿ ನಾ ಹಾಕ್ತೇನಿ." ಸೊಸೆ ಹತ್ತಿರ ಬಂದು ಕೈ ಚಾಚಿದಳು.

ಜಾಹೀದಾ ಕನ್ನಡಿಯಲ್ಲೇ ಅವಳನ್ನು ನೋಡಿ ಕೊರಳನ್ನು ಪಕ್ಕಕ್ಕೆ ಸರಿಸಿಕೊಂಡಳು.

"ಬ್ಯಾಡವಾ, ನೀ ಮುಟ್ಟಬ್ಯಾಡ. ಅವತ್ತ ಬಿಚ್ಚಾಕ ಎಲ್ಲಾರೂ ಕೈ ಹಚ್ಚಿದ್ರು. ಇವತ್ತ ಹಾಕ್ಕೊಳ್ಳಾಕ ಯಾರೂ ಬ್ಯಾಡ. ಎಷ್ಟ ಹೊತ್ತರ ಆಗಲಿ, ಈ ಕೊಂಡಿ ನಾನ ಹಾಕ್ಕೋತೇನಿ."