ಕುಂಕುಮ ಹಚ್ಚಿಸಿಕೊಂಡ ಕೆರಿಬಿಯನ್ ನಾಣ್ಯ

ನನ್ನ ಬಳಿ ಇರುವ ಚಿನ್ನದ ನಾಣ್ಯಗಳು ಹಳೆಯವಲ್ಲ. ಕೆರಿಬಿಯನ್ ದ್ವೀಪಗಳ ಚರಿತ್ರೆಯ ನೆನಪಿಗೆಂದು ಈಚಿನ ವರ್ಷಗಳಲ್ಲಿ ಟಂಕಿಸಿದವು: ಕಬ್ಬಿನ ಗದ್ದೆ, ಗಾಳಿಗಿರಣಿ, ಸಂಕೋಲೆ ಕಳಚಿದ ಗುಲಾಮ. ಎಂ.ಎ.ಯಲ್ಲಿ ಚರಿತ್ರೆ ಓದಿದವನು ಯಲಹಂಕದಲ್ಲಿ ಕೂತು ಇವನ್ನು ಯಾಕೆ ಕೂಡಿಡುತ್ತಾನೆ ಎಂದು ಕೇಳಿದವರಿಗೆ ಒಂದೊಂದು ಸಲ ಒಂದೊಂದು ಕಾರಣ ಹೇಳಿದ್ದೇನೆ. ಯಾವುದು ನಿಜವೋ ಈಗ ನನಗೂ ತಿಳಿಯದು.

ಬಹಳ ದಿನದಿಂದ ಬೇಕಾಗಿದ್ದುದು ನಮ್ಮ ದೇಶದ ಕೂಲಿಯಾಳುಗಳನ್ನು ಅಲ್ಲಿಗೆ ಹೊತ್ತೊಯ್ದ ಹಡಗಿನ ಚಿತ್ರವಿರುವ ನಾಣ್ಯ. ಗಂಗಾನಗರದ ಸಂಗ್ರಾಹಕರೊಬ್ಬರ ಬಳಿ ಅದಿತ್ತು. ನನ್ನ ಸಂಕೋಲೆಯ ನಾಣ್ಯ ಕೊಟ್ಟರೆ ಹಡಗನ್ನು ಕೊಡಲು ಒಪ್ಪಿದ್ದರು. ಒಂದೇ ಷರತ್ತು, ನಾಣ್ಯ ಟಂಕಸಾಲೆಯ ಪ್ಲಾಸ್ಟಿಕ್ ಡಬ್ಬಿಯಿಂದ ಹೊರಗೆ ಬಂದಿರಬಾರದು. ಇಂಥವುಗಳ ಮೈ ಕನ್ನಡಿಯಂತಿರುತ್ತದೆ. ಬಟ್ಟೆ ಸವರಿದರೂ ಗೆರೆ ಬೀಳುತ್ತದೆ. ‘ಬಂದೇ ಇಲ್ಲ’ ಎಂದು ಫೋನಿನಲ್ಲಿ ಖಚಿತವಾಗಿ ಹೇಳಿದ್ದೆ.

ಅವರ ಮನೆಗೆ ಹೋದಾಗ ಆ ಪ್ಲಾಸ್ಟಿಕ್ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿದರು. ನೋಡುತ್ತಲೇ ಇದ್ದರು.

“ಸರ್, ಪೂಜೆಗೆ ಇಟ್ಟಿದ್ರಾ?”

“ಏನ್ರೀ, ನಾನೆಲ್ಲಿ ಪೂಜೆ ಮಾಡ್ತೀನಿ?”

“ಹಂಗಾದ್ರೆ ಈ ಗುಲಾಮನಿಗೆ ಕುಂಕುಮ ಇಟ್ಟೋರ್ಯಾರು?”

ಭೂತಗನ್ನಡಿಯನ್ನು ನನ್ನ ಕೈಗಿತ್ತರು. ಅಕ್ಷರಗಳ ಸಂದಿಯಲ್ಲಿ ಕೆಂಪು ಪುಡಿ. ಹುಣಸೆಹಣ್ಣು ಹಾಕಿ ತಿಕ್ಕಿದಂತೆ ಮೈತುಂಬ ಸಣ್ಣ ಗೀರು. ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆಯ ಚಿನ್ನವನ್ನೆಲ್ಲ ತೊಳೆದು ಕಲಶದ ಮುಂದೆ ಇಡುವುದು ನಮ್ಮಲ್ಲಿ ರೂಢಿ. ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿದೆ. ಸ್ಪೀಕರ್ ಆನ್ ಆಗಿತ್ತು.

“ಆ ಡಬ್ಬಿ ತೆಗೆಯೋಕೇ ನಂಗೆ ಬರಲ್ಲ. ನೀವೇ ತೆಗೆದುಕೊಟ್ರಲ್ಲ,” ಎಂದಳು.

“ನಾನಾ?”

“ಲಕ್ಷ್ಮಿ ಮುಂದೆ ಪ್ಲಾಸ್ಟಿಕ್ ಇಟ್ರೆ ಚೆನ್ನಾಗಿರುತ್ತಾ ಅಂತ ಬೇರೆ ಅಂದ್ರಿ. ದೊಡ್ಡ ನಾಸ್ತಿಕರು!”

ಸಂಗ್ರಾಹಕರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ, “ಬೇಜಾರ್ ಮಾಡ್ಕೋಬೇಡಿ ಸರ್. ನಮ್ಮನೇಲೂ ಇಂಥದ್ದೊಂದಕ್ಕೆ ಕೊಂಡಿ ಬೆಸೆದು ಸೊಸೆ ಕೊರಳಿಗೆ ಹಾಕಿದಾರೆ. ಇದು ಈಗ ಬರೀ ಬಂಗಾರ. ಹಡಗು ಕೊಡೋಕಾಗಲ್ಲ,” ಎಂದರು.

ನೆನಪಿಸಿಕೊಳ್ಳಲು ನೋಡಿದೆ. ಹಬ್ಬದ ಬೆಳಿಗ್ಗೆ ಒಬ್ಬಟ್ಟಿನ ವಾಸನೆ, ಊರಿಂದ ಬಂದಿದ್ದ ಅತ್ತೆಯವರ ಚಪ್ಪಲಿ ಬಾಗಿಲಲ್ಲಿ ಇದ್ದದ್ದು, ಇಷ್ಟು ಬಂತು. ಡಬ್ಬಿ ತೆರೆದದ್ದು ಬರಲಿಲ್ಲ. ಆದರೆ ಪ್ಲಾಸ್ಟಿಕ್ಕಿನ ಆ ಮಾತು ನನ್ನದೇ ಧಾಟಿಯದು. ಒಬ್ಬಟ್ಟು ಬೇರೆ ಯಾವುದೋ ವರ್ಷದ್ದೂ ಇರಬಹುದು.

ಹಡಗನ್ನು ಒಮ್ಮೆ ನೋಡಿಕೊಡುತ್ತೇನೆ ಎಂದೆ. ಕೊಟ್ಟರು. ಹಡಗಿನ ಮೇಲೆ ಸಾಸಿವೆಗಿಂತ ಸಣ್ಣ ಜನ. ಗಂಡಸರೋ ಹೆಂಗಸರೋ ಗೊತ್ತಾಗಲಿಲ್ಲ. ವಾಪಸು ಕೊಟ್ಟೆ.

ಮನೆಗೆ ಬಂದಾಗ ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದಳು.

“ಆಗ್ಲಿಲ್ವಾ?”

“ಇಲ್ಲ.”

ಇನ್ನೆರಡು ಕಾಯಿ ಸುಲಿದಳು. “ಅಲ್ಲಾ ಕಣ್ರೀ, ನೀವೇ ಅಂತ ಅಂದ್ಬಿಟ್ಟೆ. ಈಗ ಯೋಚಿಸಿದ್ರೆ, ಡಬ್ಬಿ ತೆಗೆದಿದ್ದು ಅಮ್ಮಾನೇ ಏನೋ. ಕೇಳ್ಲಾ?”

ಫೋನು ಆಗಲೇ ಅವಳ ಕೈಯಲ್ಲಿತ್ತು.

“ಬೇಡ. ನಾನೇ ತೆಗೆದಿದ್ದು. ದಾರೀಲಿ ನೆನಪಾಯ್ತು,” ಎಂದೆ.

ನೆನಪೇನೂ ಆಗಿರಲಿಲ್ಲ. ಇನ್ನೊಬ್ಬರ ನೆನಪನ್ನೂ ಕೆದಕಿ ನೋಡುವಷ್ಟು ತ್ರಾಣ ಉಳಿದಿರಲಿಲ್ಲ. ಅವಳೆದುರು ಕೂತು ನಾನೂ ಒಂದು ಹಿಡಿ ಕಾಯಿ ಎಳೆದುಕೊಂಡೆ.